ಮೊಮ್ಮಗಳಿಗೊಂದು ತೊಡೆ

ನಾನು ಅಜ್ಜನಾದೆ! ಶಾಲೆಗೆ ಹೋದದ್ದು ಕಡಿಮೆ, ಆದ್ದರಿಂದ ಈ ಆನಂದಕ್ಕೆ ತಕ್ಕ ದೊಡ್ಡ ಶಬ್ದಗಳು ನನ್ನಲ್ಲಿಲ್ಲ. ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ನಾನು ಅಡಿಗೆಯವನು. ಅಂದು ಬಂದ ಗಿರಾಕಿಗಳಿಗೆಲ್ಲ ಶೀರಾ ಬಿಟ್ಟಿ ಹಂಚಿದೆ. ಮಾಲೀಕರನ್ನು ಕೇಳದೆಯೇ!

ಸೀವುಡ್ಸ್‌ನಲ್ಲಿ ಮಗನ ಮನೆ. ನಾಮಕರಣದ ದಿನ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಬಹಳ ಗಂಭೀರವಾಗಿ ಕೂತೆ. ಮಗುವನ್ನು ನನ್ನ ತೊಡೆಯ ಮೇಲಿಟ್ಟರು. ಜಾರಿತು. ಮತ್ತೆ ಇಟ್ಟರು. ಮತ್ತೆ ಜಾರಿತು. ಅಲ್ಲಿನ ಜಾಗವನ್ನೆಲ್ಲ ನನ್ನ ಹೊಟ್ಟೆ ಮೊದಲೇ ಹಿಡಿದುಕೊಂಡಿತ್ತು!

"ಎಂತದು ಮಾರಾಯ್ರೆ, ನಿಮಗೆ ತೊಡೆಯೇ ಇಲ್ಲ!" ಎಂದು ನನ್ನ ಹೆಂಡತಿ ಸುಶೀಲ ಮಗುವನ್ನು ಎತ್ತಿಕೊಂಡು ಹೋದಳು.

ಅಂದಿನಿಂದ ನನಗೆ ಒಂದೇ ಹಂಬಲ. ಏಳನೆಯ ತಿಂಗಳಲ್ಲಿ ಅನ್ನಪ್ರಾಶನ. ನಮ್ಮ ಮನೆಯ ಕ್ರಮದಂತೆ ಮಗು ಅಜ್ಜನ ತೊಡೆಯಲ್ಲಿ ಕೂತು ಮೊದಲ ತುತ್ತು ತಿನ್ನಬೇಕು. ಅಷ್ಟರೊಳಗೆ ನನಗೊಂದು ತೊಡೆ ಬೇಕು! ಹಿಟ್ಟು ಕಲಸುವಾಗಲೂ ಕೈಗೆ ಮಗುವಿನ ಆ ಮೆತ್ತನೆಯ ಭಾರವೇ ನೆನಪಾಗುತ್ತಿತ್ತು.

ಸೊಸೆ ತೂಕ ಇಳಿಸುವ ಡಾಕ್ಟರನ್ನು ಹುಡುಕಿಕೊಟ್ಟಳು. "ಮಾವ, ಮೊದಲು ಫುಲ್ ಬಾಡಿ ಚೆಕಪ್. ರಕ್ತ ಕೊಡುವವರೆಗೆ ಬರೀ ನೀರು. ಬೇರೆ ಏನೂ ತಿನ್ನಬಾರದು, ಹಾಂ!"

ತಿನ್ನಲಿಲ್ಲ. ದೇವರಾಣೆ! ಎಂದಿನಂತೆ ನಸುಕಿನಲ್ಲಿ ಹೋಟೆಲಿಗೆ ಹೋಗಿ, ತಿಂಡಿಗಳನ್ನೆಲ್ಲ ಒಲೆಯಿಂದ ಇಳಿಸಿ, ತಪಸ್ವಿಯ ಹಾಗೆ ಲ್ಯಾಬಿಗೆ ನಡೆದೆ.

ರಿಪೋರ್ಟ್ ನೋಡಿದ ಡಾಕ್ಟರ್ ಮೇಡಂ ಹುಬ್ಬೇರಿಸಿದರು.

"ಕಾಕಾ, ಸಚ್ ಬೋಲೋ. ಸುಬಹ್ ಕುಛ್ ಖಾಯಾ ಥಾ? ಶುಗರ್ ಬಹುತ್ ಜ್ಯಾದಾ ಹೈ!"

"ಕುಛ್ ನಹೀ ಮೇಡಂ!" ಬೆಳಿಗ್ಗೆ ಏನೂ ತಿಂದಿಲ್ಲ, ಆದರೂ ಶುಗರ್ ಅಷ್ಟು ಹೆಚ್ಚೇ? ತೊಡೆ ಕೇಳಲು ಬಂದವನ ಜೀವಕ್ಕೇ ಸಂಚಕಾರ!

ಪಕ್ಕದಲ್ಲಿದ್ದ ಸುಶೀಲ ಕಣ್ಣು ಸಣ್ಣದು ಮಾಡಿದಳು. "ಸಾಂಬಾರಿನ ಉಪ್ಪು ಯಾರು ನೋಡಿದ್ದು?"

"ನಾನೇ. ಮತ್ತೆ ಯಾರು?"

"ಚಟ್ನಿ?"

"ಅದು ಅಂಗೈಯಲ್ಲಿ ಒಂಚೂರು."

"ಶೀರಾ?"

"ಬಾಯಿಗೆ ಹಾಕದೆ ಹದ ಹೇಗೆ ಗೊತ್ತಾಗ್ತದೆ ಮಾರಾಯ್ತಿ? ಸಕ್ಕರೆ ಕಮ್ಮಿ ಇತ್ತು. ಹಾಕಿ, ಇನ್ನೊಮ್ಮೆ ನೋಡಿದೆ."

"ಮತ್ತೆ ತಿನ್ನಲಿಲ್ಲ ಅಂದ್ರಲ್ಲ!"

"ತಿನ್ನಲಿಲ್ಲ! ರುಚಿ ನೋಡಿದೆ!"

ಅಡಿಗೆಯವರ ಧರ್ಮದಲ್ಲಿ ತಿನ್ನುವುದೆಂದರೆ ಎಲೆ ಹಾಕಿ ಕೂರುವುದು. ನಿಂತು ಅಂಗೈ ನೆಕ್ಕುವುದು ಡ್ಯೂಟಿ! ಸುಶೀಲ ಇದನ್ನು ಹಿಂದಿಯಲ್ಲಿ ವಿವರಿಸಿದಾಗ ಮೇಡಂ ನಕ್ಕು ನಕ್ಕು ಕೆಮ್ಮಿದರು. ಇನ್ನೊಂದು ದಿನ, ಹೋಟೆಲಿನ ಕಡೆ ತಲೆಯನ್ನೂ ಹಾಕದೆ, ಮತ್ತೆ ರಕ್ತ ಕೊಟ್ಟೆ. ಶುಗರ್ ಸ್ವಲ್ಪವೇ ಹೆಚ್ಚು. ಬೇಗ ಗೊತ್ತಾದ್ದರಿಂದ ಹತೋಟಿಗೆ ತರಬಹುದಂತೆ. ಆದರೆ ರುಚಿ ನೋಡುವುದು ಬಂದ್. ದಿನಾ ನಡಿಗೆ.

ಮರುದಿನ ಸಾಂಬಾರಿಗೆ ಅಂದಾಜಿನ ಮೇಲೆ ಉಪ್ಪು ಹಾಕಿದೆ. ಹಾಕಿದ್ದು ಮರೆತು ಮತ್ತೆ ಹಾಕಿದೆ. ಒಬ್ಬ ಗಿರಾಕಿ ಇಡ್ಲಿಯನ್ನು ನೀರಿನಲ್ಲಿ ತೊಳೆದು ತಿಂದ! ಮಾಲೀಕರು ಕೈಮುಗಿದು, ರುಚಿ ನೋಡುವ ಅಧಿಕಾರವನ್ನು ತಾವೇ ವಹಿಸಿಕೊಂಡರು. ಅವರ ಹೊಟ್ಟೆ ಬೆಳೆಯತೊಡಗಿತು. ನನ್ನದು ಇಳಿಯತೊಡಗಿತು. ಒಂದು ದಿನ ಸ್ನಾನ ಮಾಡುವಾಗ ತಗ್ಗಿ ನೋಡಿದರೆ, ಮೊಣಕಾಲು! ಬಹಳ ಕಾಲದ ಮೇಲೆ ಊರಿನವರು ಸಿಕ್ಕ ಹಾಗಾಯಿತು.

ಅನ್ನಪ್ರಾಶನದ ದಿನ ಬಂತು. ಕೂತೆ. ಮಗುವನ್ನು ತೊಡೆಯ ಮೇಲಿಟ್ಟರು. ಜಾರಲಿಲ್ಲ! ಪಾಯಸದ ಅನ್ನವನ್ನು ಬಾಯಿ ಚಪ್ಪರಿಸಿ ನುಂಗಿತು. ನನ್ನ ಕಣ್ಣು ತುಂಬಿತು. ಎರಡನೆಯ ತುತ್ತಿಗೆ ನನ್ನ ಪಂಚೆಯೂ ಒದ್ದೆಯಾಯಿತು.

ಅಷ್ಟರಲ್ಲಿ ಸೊಸೆಯ ಅಪ್ಪ ಬಂದರು. ಉಲ್ಹಾಸನಗರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮೊದಲು ಹೊಟ್ಟೆ ಒಳಗೆ ಬಂತು, ಆಮೇಲೆ ಅವರು. ಮಗು ನೋಡಿದ್ದೇ ತಡ, ಎರಡೂ ಕೈ ಚಾಚಿ ಕಿರುಚಿತು! ಬೀಗರು ಅದನ್ನು ಎತ್ತಿಕೊಂಡು ಸೋಫಾದಲ್ಲಿ ಒರಗಿದರು. ಅದು ಅವರ ಹೊಟ್ಟೆಯ ಮೇಲೆ ಬೋರಲು ಬಿದ್ದು, ಪಟಪಟ ಬಡಿದು, ಕಿಲಕಿಲ ನಕ್ಕು, ಅಲ್ಲೇ ನಿದ್ದೆಹೋಯಿತು.

"ಮಕ್ಕಳಿಗೆ ಮೆತ್ತಗೆ ಬೇಕು ಬೀಗರೇ," ಎಂದರು ಅವರು ಪಿಸುಮಾತಿನಲ್ಲಿ. "ನೀವು ಪಾಪ, ಯಾಕೋ ಸೊರಗಿದ್ದೀರಿ."

"ಏಳಿ, ಪಂಚೆ ಬದಲಿಸಿ," ಎಂದಳು ಸುಶೀಲ.

"ಇರ್ಲಿ ಮಾರಾಯ್ತಿ, ಸ್ವಲ್ಪ ಹೊತ್ತು."

ಒದ್ದೆ ತೊಡೆಯ ಮೇಲೆ ಕೈಯಿಟ್ಟುಕೊಂಡು ಬೀಗರ ಹೊಟ್ಟೆಯನ್ನೇ ನೋಡುತ್ತ ಕೂತೆ.

ನನ್ನದೂ ಅಷ್ಟೇ ದೊಡ್ಡದಿತ್ತು!