ನಮ್ಮತ್ತೆಯ ತವರಿಗೆ ಎಷ್ಟು ಕೋಣೆ?

ನಮ್ಮತ್ತೆಯ ತವರುಮನೆ ಎಷ್ಟು ದೊಡ್ಡದೆಂದರೆ, ಅದರಲ್ಲಿ ಎಷ್ಟು ಕೋಣೆಗಳಿವೆಯೆಂದು ಸ್ವತಃ ನಮ್ಮತ್ತೆಗೇ ಗೊತ್ತಿರಲಿಲ್ಲ! ಜಗಳ ಸಣ್ಣದಾದರೆ ಐವತ್ತು ಎನ್ನುತ್ತಿದ್ದರು. ಎದುರಿನವಳ ಗಂಟಲು ಏರಿದರೆ ನೂರು. ಸೇದುವ ಬಾವಿಯ ಹತ್ತಿರ ಹಗ್ಗಕ್ಕಾಗಿ ನಡೆದ ಮಹಾಯುದ್ಧದಲ್ಲಂತೂ ಇನ್ನೂರಕ್ಕೆ ಹೋಗಿಬಿಟ್ಟಿತ್ತು. (ಆಚೆ ಜರ್ಮನಿಯವನ ಯುದ್ಧವೂ ಆಗಲೇ ನಡೆಯುತ್ತಿತ್ತು. ಆದರೆ ನಮ್ಮ ಬೀದಿಯಲ್ಲಿ ಅದನ್ನು ಕೇಳುವವರು ಯಾರು?) ಸೊಸೆಯಾದವಳು ಅತ್ತೆಯ ತವರನ್ನು ಹೊಗಳುವುದು ಲೋಕದಲ್ಲಿ ಎಲ್ಲೂ ಇಲ್ಲದ ಮಾತು ಅಂತ ನನಗೂ ಗೊತ್ತು. ಆದರೂ ಹೇಳುತ್ತೇನೆ, ಅಂಥ ತವರು ಇಡೀ ಮಧುಗಿರಿ ಸೀಮೆಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ನಾನು ಶಿರಾದಿಂದ ಬಂದ ಸೊಸೆ. ಮಧುಗಿರಿ ಬೆಟ್ಟದ ಬುಡದಲ್ಲಿ ನಮ್ಮ ಮಾವನ ದಾಳಿಂಬೆ ತೋಟ. ನಾನು ತವರಿಗೆ ಹೊರಟರೆ ಅತ್ತೆ ಒಂದು ದಿನವೂ ಬೇಡ ಅಂದವರಲ್ಲ. ಆದರೆ ವಾಪಸು ಬಂದಾಗ ತಪಾಸಣೆ ಇರುತ್ತಿತ್ತು! ಹೆಣ್ಣುಮಗಳು ತವರಿಂದ ಹೊರಡುವಾಗ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಒಂದು ರವಿಕೆ ಕಣ ಹಾಕಿ ಮಡಿಲು ತುಂಬುತ್ತಾರಲ್ಲ, ಅದನ್ನು ಹೊಸಲು ದಾಟುವ ಮೊದಲೇ ಬಿಚ್ಚಿಸುತ್ತಿದ್ದರು. ಸುಂಕದ ಕಟ್ಟೆಯವರೂ ಅಷ್ಟು ನಿಗಾ ಇಟ್ಟು ನೋಡುವುದಿಲ್ಲ.

"ಅಕ್ಕಿ ಪರವಾಗಿಲ್ಲ. ನಿಮ್ಮವ್ವ ಬೆಲ್ಲಕ್ಕೆ ಮಾತ್ರ ಕೈ ಹಿಡೀತಾಳೆ ಕಣಮ್ಮ. ನಮ್ ತವರಾಗಾಗಿದ್ರೆ..."

ಅಲ್ಲಿಗೆ ಮುಗಿಯಿತು. ಕಂಬಗಳು, ಮೆಟ್ಟಿಲುಗಳು, ಕುದುರೆ ಗಾಡಿ ನಿಲ್ಲುವ ಮೊಗಸಾಲೆ, ಎಲ್ಲ ಮೆರವಣಿಗೆ ಹೊರಡುತ್ತಿದ್ದವು. ಮೊದಲ ವರ್ಷ ನಾನು ನಂಬಿಯೇಬಿಟ್ಟಿದ್ದೆ. ಯಾವುದೋ ಪಾಳೇಗಾರರ ವಂಶವಿರಬೇಕು ಅಂತ ಶಿರಾದಲ್ಲಿ ಅಕ್ಕಪಕ್ಕದವರಿಗೂ ಹೇಳಿ ಬಂದಿದ್ದೆ.

ಒಂದು ದಿನ ಬಾವಿಕಟ್ಟೆಯಲ್ಲಿ ಎದುರುಮನೆಯಾಕೆ ಬಿಂದಿಗೆ ಕೆಳಗಿಟ್ಟು ಅತ್ತೆಯನ್ನು ಕೇಳಿಯೇಬಿಟ್ಟಳು. "ಅಲ್ಲಮ್ಮಿ, ಅಂಥಾ ತವರಿದ್ದು ನೀನು ಒಂದ್ಸಲನೂ ಮಡ್ಲು ತುಂಬಿಸ್ಕಂಡು ಬಂದಿದ್ದು ನಾನು ಕಾಣ್ನಲ್ಲ?"

"ಅಷ್ಟು ದೊಡ್ಡ ಮನೆ ಕಣೇ! ಎಲ್ರನ್ನೂ ಮಾತಾಡಿಸ್ಕಂಡು ಬರಾದ್ರೊಳಗೆ ಇಲ್ಲಿ ನನ್ ಗಂಡ ಉಪಾಸ ಸಾಯ್ತಾನೆ" ಅಂದರು ಅತ್ತೆ. ಎಲ್ಲರೂ ನಕ್ಕರು. ಆದರೆ ಅವತ್ತು ಅತ್ತೆ ಅರ್ಧ ತುಂಬಿದ ಬಿಂದಿಗೆಯನ್ನೇ ಹೊತ್ತುಕೊಂಡು ಮನೆಗೆ ಬಂದರು.

ನಿಜ ಹೇಳಿದವರು ಮಾವ. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ. "ಅವಳ ತವರು ಬೆಂಗಳೂರಿನ ದೊಡ್ಡ ಹೋಟ್ಲು ಕಣಮ್ಮ" ಅಂದರು. ನಾನು ನಗಲೋ ಬೇಡವೋ ಅಂತ ನಿಂತೆ. ಆಮೇಲೆ ಕತೆ ಬಂತು. ಅತ್ತೆಯ ಅಪ್ಪ ಅವ್ವ ಮಿಡಿಗೇಶಿಯವರು. ಮಳೆ ಕೈಕೊಟ್ಟ ಒಂದು ವರ್ಷ ಕೂಲಿ ಹುಡುಕಿಕೊಂಡು ಬೆಂಗಳೂರಿಗೆ ಹೋದರಂತೆ. ಊರಿನ ನಟ್ಟನಡುವೆ ಬಿಳಿಯರಿಗಾಗಿ ಆ ಹೋಟೆಲು ಏಳುತ್ತಿದ್ದ ಕಾಲ. ಅಪ್ಪ ಕಲ್ಲು ಹೊತ್ತರು, ಅವ್ವ ಮಣ್ಣು ಹೊತ್ತರು. ಅಲ್ಲೇ ಗೋಡೆಯ ಹಿಂದಿನ ಕೂಲಿಗುಡಿಸಲಿನಲ್ಲಿ ಅತ್ತೆ ಹುಟ್ಟಿದರು. ಅಂಬೆಗಾಲಿಡುವ ಹೊತ್ತಿಗೆ ಪ್ಲೇಗು ಇಬ್ಬರನ್ನೂ ತೆಗೆದುಕೊಂಡು ಹೋಯಿತು. ಸಾಕಿದ ಚಿಕ್ಕಪ್ಪನೂ ಮದುವೆ ಮಾಡಿಕೊಟ್ಟ ವರ್ಷವೇ ತೀರಿಕೊಂಡರು. ಹಾಗಾಗಿ ತವರು ಅಂತ ಉಳಿದದ್ದು ಆ ಕಟ್ಟಡ ಒಂದೇ.

ನಾನು ಮೆಲ್ಲಗೆ, "ಅತ್ತೆ, ಅದು ಹೋಟೆಲಲ್ಲವೇ?" ಅಂದೆ.

"ಆದ್ರೇನೀಗ? ಹುಟ್ಟಿದ ಜಾಗ ತವರಲ್ವಾ? ನಮ್ಮಪ್ಪ ನಮ್ಮವ್ವ ತಲೆ ಮ್ಯಾಲೆ ಹೊತ್ತು ಕಟ್ಟವ್ರೆ. ನಿಮ್ಮಪ್ಪ ಶಿರಾದಾಗೆ ಮನೆ ಕಟ್ಟಿದ್ನಾ, ಕೊಂಡ್ಕಂಡ್ನಾ?"

ನಮ್ಮಪ್ಪ ಕೊಂಡುಕೊಂಡಿದ್ದರು.

"ನೋಡವ್ವ" ಅಂದರು ಅತ್ತೆ, ಈ ಸಲ ಜಗಳದ ಧ್ವನಿಯಲ್ಲಿ ಅಲ್ಲ. "ಒಂದೇ ಒಂದ್ಸಲ ಅಲ್ಲಿಂದ ಮಡ್ಲು ತುಂಬಿಸ್ಕಂಡು ಬರ್ಬೇಕು. ಇಲ್ದಿದ್ರೆ ಆ ಎದುರುಮನೆಯವ್ಳ ಮಾತೇ ನಿಜ ಆಗೋಯ್ತದೆ."

ನಮ್ಮತ್ತೆ ಸುಮ್ಮನೆ ಆಸೆಪಟ್ಟು ಕೂರುವ ಪೈಕಿ ಅಲ್ಲ. ಮಾವನ ಬೆನ್ನು ಹತ್ತಿ, ನಮ್ಮ ತೋಟದ ದಾಳಿಂಬೆ ಆ ಹೋಟೆಲಿಗೇ ಹೋಗುವ ಹಾಗೆ ವ್ಯಾಪಾರ ಕುದುರಿಸಿದರು. ಪ್ರತಿ ಸಲವೂ ಲೆಕ್ಕದ ಬುಟ್ಟಿಗಳ ಜೊತೆ ಒಂದು ಬುಟ್ಟಿ ಹೆಚ್ಚಿಗೆ! ಇದು ಯಾಕೆ ಅಂದರೆ, "ತವರಿಗೆ ಬರಿಗೈಲಿ ಕಳಿಸಾಕಾಯ್ತದಾ?" ಹೋಟೆಲಿನ ಮೇಲ್ವಿಚಾರಣೆಯ ದೊರೆಸಾನಿಗೆ ಈ ಬಿಟ್ಟಿ ಬುಟ್ಟಿಯ ಮರ್ಮ ತಿಳಿಯದೆ ತಲೆ ಕೆಟ್ಟಿರಬೇಕು. ಕೊನೆಗೆ ಮಾವ ತಲೆ ಕೆರೆದುಕೊಳ್ಳುತ್ತ, ಹಣ್ಣಿನ ಬಾಬ್ತಿಗೆ ಹೆಂಗಸರಿಗೆ ಒಂದು ರಾತ್ರಿ ಕೋಣೆ ಸಿಕ್ಕೀತೇ ಎಂದು ಕೇಳಿಸಿದಾಗ, ಆಕೆ ಹೂಂ ಅಂದುಬಿಟ್ಟಳು.

ಹೊರಟೆವು, ಅತ್ತೆ ಮತ್ತು ನಾನು. ಮಿಷನ್ ಶಾಲೆಯಲ್ಲಿ ನಾಲ್ಕಕ್ಷರ ಇಂಗ್ಲಿಷ್ ಕಲಿತಿದ್ದೆನಲ್ಲ, ಅದಕ್ಕೆ ನನಗೆ ಈ ಯೋಗ. ಪೆಟ್ರೋಲಿಗೆ ತತ್ವಾರವಾಗಿ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ದಿನಗಳು. ಕೊರಟಗೆರೆಯಲ್ಲಿ ಒಲೆ ಊದಿಸಿಕೊಂಡು, ಏರು ಬಂದಲ್ಲೆಲ್ಲ ನಮ್ಮಿಂದಲೇ ತಳ್ಳಿಸಿಕೊಂಡು ಬಸ್ಸು ಬೆಂಗಳೂರು ಸೇರುವ ಹೊತ್ತಿಗೆ ನಾವಿಬ್ಬರೂ ಕರಿ ಬಡಿದ ಮಡಕೆಗಳಾಗಿದ್ದೆವು. ಕಂಕುಳಲ್ಲಿ ಕಜ್ಜಾಯದ ಡಬ್ಬಿ.

ಹೋಟೆಲಿನ ಮೆಟ್ಟಿಲ ಬುಡದಲ್ಲಿ ಅತ್ತೆ ನಿಂತರು. ನಿಂತೇ ಇದ್ದರು! "ಬನ್ನಿ ಅತ್ತೆ" ಅಂದೆ.

"ಕಾಲಿಗೆ ನೀರು ಕೊಡ್ಲಿ ತಡಿ. ಮನೆ ಮಗಳು ಧೂಳುಗಾಲಲ್ಲಿ ಹೋಗ್ತಾಳಾ?"

ಬಾಗಿಲು ಕಾಯಲು ಜರಿ ಪೇಟದ ಒಬ್ಬ ವಯಸ್ಸಾದ ಸಾಹೇಬರು. ಹಿಂದೆ ಕಾರುಗಳು ಸಾಲುಗಟ್ಟುತ್ತಿವೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಲಿಗೆ ನೀರು ಸಿಕ್ಕೀತೇ ಅಂತ ಅವರನ್ನೇ ಕೇಳಿದೆ. ನನ್ನ ಮಾತಿನ ವರಸೆ ಕೇಳಿ ಅವರ ಮುಖ ಅರಳಿತು. "ಅರೆ! ಶಿರಾದವರಾ? ನಮ್ಮೂರೂ ಶಿರಾ ಕಣಮ್ಮ!" ಅಂದವರೇ, ಬೆಂಕಿ ಬಿದ್ದರೆ ಆರಿಸಲು ತೂಗುಹಾಕಿದ್ದ ಕೆಂಪು ಬಕೆಟ್ಟನ್ನೇ ಇಳಿಸಿ ತಂದರು. ಅತ್ತೆ ಕಾಲು ತೊಳೆದು, "ಚೆನ್ನಾಗಿದ್ದೀಯಾ ಅಣ್ಣಯ್ಯ?" ಅಂತ ಕಜ್ಜಾಯ ಕೈಗಿಟ್ಟರು. ಸಾಹೇಬರು ಆ ಗಳಿಗೆಯಿಂದ ಅಣ್ಣನಾದರು.

"ಅಣ್ಣಯ್ಯ, ನಮ್ಮನೇಲಿ ಕೋಣೆ ಎಷ್ಟವೆ?"

"ಅರವತ್ತರ ಮೇಲೆ ಒಂದೋ ಎರಡೋ ಇರಬೇಕಮ್ಮ."

ಅತ್ತೆ ನನ್ನತ್ತ ತಿರುಗಿದರು. "ಮಿಕ್ಕವನ್ನ ಒಡೆದು ಹಾಕವ್ರೆ!"

ನಮಗೆ ಸಿಕ್ಕದ್ದು ರಸ್ತೆಯ ಕಡೆಗೆ ಕಿಟಕಿಯಿದ್ದ ಕೋಣೆ. ಸ್ಪ್ರಿಂಗಿನ ಮಂಚದ ಮೇಲೆ ಕೂತ ಅತ್ತೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದು, "ಇದು ಮನುಷ್ಯರನ್ನ ಆಚೆಗೆ ಎಸೀತದೆ" ಅಂತ ನೆಲದ ಮೇಲೆ ಸೀರೆ ಹಾಸಿಕೊಂಡರು. ಅದಕ್ಕೂ ಮೊದಲು ಬಹಳ ಹೊತ್ತು ಆ ಕಿಟಕಿಯಲ್ಲಿ ನಿಂತಿದ್ದರು. ಕಲ್ಲಿನ ಚೌಕಟ್ಟನ್ನು ಅಂಗೈಯಿಂದ ಸವರುತ್ತ, "ನಮ್ಮಪ್ಪಂದು" ಅಂದರು. ಇದು ನಿಮ್ಮಪ್ಪ ಹೊತ್ತ ಕಲ್ಲೇ ಅಂತ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಬೆಳಗ್ಗೆ ಎದ್ದರೆ ಅತ್ತೆ ಮಾಯ! ಓಡಿಹೋಗಿ ನೋಡುತ್ತೇನೆ, ತವರಿಗೆ ಬಂದ ಮಗಳು ಸುಮ್ಮನೆ ಕೂರಬಾರದಲ್ಲ, ಹೋಟೆಲಿನ ಮುಂಬಾಗಿಲು ತೊಳೆದು ಮೆಟ್ಟಿಲ ತುಂಬ ರಂಗೋಲಿ ಬಿಟ್ಟಿದ್ದಾರೆ. ಪದಕ ತೊಟ್ಟ ದೊಡ್ಡ ದೊಡ್ಡ ಮಿಲಿಟರಿ ಅಧಿಕಾರಿಗಳು ಬೂಟುಗಾಲನ್ನು ಎಲ್ಲಿಡುವುದೆಂದು ತಿಳಿಯದೆ ಕುಂಟೆಬಿಲ್ಲೆ ಆಡುವವರ ಹಾಗೆ ಒಂಟಿಗಾಲಲ್ಲಿ ನೆಗೆಯುತ್ತಿದ್ದಾರೆ. "ತುಳೀಬ್ಯಾಡ್ರಪ್ಪ, ಅಂಗೇ ಪಕ್ಕಕ್ಕೆ ಬರ್ರಿ" ಅಂತ ಅತ್ತೆಯ ಹುಕುಂ ಬೇರೆ. ಜರ್ಮನಿಯವನ ಮುಂದೆ ಬಗ್ಗದವರು ನಮ್ಮತ್ತೆಯ ಮುಂದೆ ಬಗ್ಗಿದರು.

ಹೊರಡುವ ಹೊತ್ತು ಬಂತು. ಅತ್ತೆ ತಲೆ ಬಾಚಿ, ಹಣೆಗೆ ಕಾಸಗಲ ಕುಂಕುಮ ಇಟ್ಟು, ಹಜಾರದ ನಡುವೆ ಪೂರ್ವಕ್ಕೆ ಮುಖ ಮಾಡಿ ಸೆರಗೊಡ್ಡಿ ನಿಂತರು. ಯಾರು ಬರಬೇಕು? ಬಂದವನು ಮೇಜಿನ ಹಿಂದಿದ್ದ ಗುಮಾಸ್ತ. ಒಡ್ಡಿದ ಸೆರಗು ನೋಡಿ, ಭಿಕ್ಷೆಯೆಂದುಕೊಂಡು, ಒಂದಾಣೆ ಬಿಲ್ಲೆ ಹಾಕಿಬಿಟ್ಟ.

ಅತ್ತೆ ಆ ಬಿಲ್ಲೆಯನ್ನು ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟರು. ಮತ್ತೆ ಹೋಗಿ ಅದೇ ಜಾಗದಲ್ಲಿ ಸೆರಗೊಡ್ಡಿ ನಿಂತರು. ನನಗೆ ತಡೆಯಲಾಗಲಿಲ್ಲ. ಆಚೆಯಿಂದ ಬರುತ್ತಿದ್ದ ದೊರೆಸಾನಿಯ ದಾರಿಗೆ ಅಡ್ಡ ನಿಂತು, ಇದ್ದಬದ್ದ ಇಂಗ್ಲಿಷನ್ನೆಲ್ಲ ಸುರಿದೆ. ಈಕೆ ಈ ಮನೆಯ ಮಗಳು, ಇವರಪ್ಪ ಇದಕ್ಕೆ ಕಲ್ಲು ಹೊತ್ತವರು, ಮಗಳು ಬರಿಮಡಿಲಲ್ಲಿ ಹೋಗಬಾರದು. ವ್ಯಾಕರಣ ಆ ದೇವರಿಗೇ ಪ್ರೀತಿ! ಆಕೆ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಹೊರಗಿನ ರಂಗೋಲಿಯನ್ನು ನೋಡಿದಳು. ಒಳಗೆ ಹೋದಳು.

ಬಂದಾಗ ಕೈಯಲ್ಲಿ ಬೆಳ್ಳಿಯ ತಟ್ಟೆ. ಅಕ್ಕಿಯಿತ್ತು. ಕೊಬ್ಬರಿಗೆ ಬದಲು ಕೇಕು, ಬೆಲ್ಲಕ್ಕೆ ಬದಲು ಸಕ್ಕರೆ ಬಿಲ್ಲೆಗಳು. ನಾವೇ ಕಳಿಸಿದ ಎರಡು ದಾಳಿಂಬೆ! ರವಿಕೆ ಕಣದ ಜಾಗದಲ್ಲಿ, ಮೂಲೆಗೆ ಹೋಟೆಲಿನ ಅಕ್ಷರ ಕಸೂತಿ ಹಾಕಿದ್ದ ಊಟದ ಮೇಜಿನ ಬಿಳಿ ಕರವಸ್ತ್ರ. ಸಾಹೇಬರು ತಮ್ಮ ಚೀಲದಿಂದ ಎಲೆ ಅಡಿಕೆ ತೆಗೆದಿಟ್ಟರು. ನಾನು ಕೈಯಲ್ಲಿ ತೋರಿಸಿಕೊಟ್ಟ ಹಾಗೆ ಆಕೆ ಬೊಗಸೆ ಬೊಗಸೆಯಾಗಿ ಅತ್ತೆಯ ಮಡಿಲಿಗೆ ತುಂಬಿದಳು. ಕೊನೆಗೆ ಕೈಹಿಡಿದು, "ಪ್ಲೀಸ್ ಕಮ್ ಅಗೇನ್" ಅಂದಳು.

"ಏನಂದ್ಲು?"

"ಮತ್ತೆ ಬಾ ಅಂದರು ಅತ್ತೆ."

ಅದನ್ನು ಆಕೆ ಅಲ್ಲಿ ಇಳಿದವರಿಗೆಲ್ಲ ಹೇಳುತ್ತಿದ್ದಳು. ನಾನು ಕಣ್ಣಾರೆ ನೋಡಿದ್ದೆ. ಅತ್ತೆಗೆ ಹೇಳಲಿಲ್ಲ. ಮಧುಗಿರಿ ಬರುವವರೆಗೂ ಅವರು ಮಡಿಲಿನ ಗಂಟನ್ನು ಸಡಿಲ ಬಿಡಲಿಲ್ಲ. ಬಸ್ಸು ಇಳಿದವರು ನೆಟ್ಟಗೆ ಎದುರುಮನೆಗೆ ಹೋದರು ಅಂತ ಬೇರೆ ಹೇಳಬೇಕೆ?

ಆಮೇಲೆ ಕೆಲವು ವರ್ಷಕ್ಕೆ ನಮ್ಮಪ್ಪ ತೀರಿಕೊಂಡರು. ಅಮ್ಮ ಮೊದಲೇ ಹೋಗಿದ್ದಳು. ಅಣ್ಣಂದಿರು ಪಾಲಿಗೆ ಕಿತ್ತಾಡಿ ಶಿರಾದ ಮನೆಯನ್ನು ಮಾರಿದರು. ಅಪ್ಪ ಕೊಂಡಿದ್ದ ಮನೆಯನ್ನು ಇನ್ಯಾರೋ ಕೊಂಡರು. ಕೊನೆಯ ಸಲ ಹೋಗಿ ಹೊರಟು ನಿಂತಾಗ, ಆ ಕೂಗಾಟದಲ್ಲಿ ನನ್ನ ಮಡಿಲು ಯಾರ ನೆನಪಿಗೂ ಬರಲಿಲ್ಲ.

ಮಧುಗಿರಿಯಲ್ಲಿ ಬಾಗಿಲಲ್ಲೇ ಅತ್ತೆ. "ಬಿಚ್ಚು ನೋಡನ" ಅಂದರು ಎಂದಿನ ಹಾಗೆ. ಬಿಚ್ಚಲು ನನ್ನ ಸೆರಗಿನಲ್ಲಿ ಗಂಟೇ ಇರಲಿಲ್ಲ. ಹೊಸಲಿನಾಚೆಯೇ ನಿಂತು ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಅವರು ಒಳಗೆ ಹೋದರು. ಟ್ರಂಕು ತೆಗೆದ ಸದ್ದಾಯಿತು. ಯಾರಿಗೂ ಮುಟ್ಟಲು ಕೊಡದೆ ಮಡಿಸಿಟ್ಟಿದ್ದ ಆ ಬಿಳಿ ಕರವಸ್ತ್ರವನ್ನು ತಂದರು. ನನ್ನನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿ, ಅಕ್ಕಿ, ಬೆಲ್ಲ, ಒಂದು ದಾಳಿಂಬೆ ಹಾಕಿ, ಮೇಲೆ ಆ ಬಟ್ಟೆಯಿಟ್ಟು ಮಡಿಲು ತುಂಬಿದರು. ಬೆಲ್ಲಕ್ಕೆ ಕೈ ಹಿಡಿಯಲಿಲ್ಲ.

"ಅಳ್ಬ್ಯಾಡ, ಸುಮ್ಕಿರವ್ವ. ನಮ್ ತವರಾಗೆ ಅಷ್ಟೊಂದು ಕೋಣೆ ಇಟ್ಕಂಡು ನಾನೊಬ್ಳೇ ಏನ್ ಮಾಡ್ಲಿ? ನಿಂಗೊಂದು ಇರ್ಲಿ. ಆ ರಸ್ತೆ ಕಡೆ ಕಿಟಕಿ ಇರೋದೇ ತಗ."