ವಾಲ್ಟರನ ಕರುಗಳು ಮತ್ತು ನನ್ನ ಬಿಗುಮಾನ

ನಾನು ಮಿತಭಾಷಿ. ಹಾಗೆಂದು ಸಿಕ್ಕಸಿಕ್ಕವರಿಗೆಲ್ಲ ನಾನೇ ಗಂಟೆಗಟ್ಟಲೆ ಹೇಳಿಕೊಂಡಿದ್ದೇನೆ. ಮನೆಯಲ್ಲಂತೂ ಬಲು ಬಿಗಿ. ಹೆಂಡತಿ ಶಾಂತಾ ಹೊಸ ಸೀರೆ ಉಟ್ಟು ಎದುರಿಗೆ ಬಂದು ನಿಂತರೆ ಗಡಿಯಾರ ನೋಡಿ "ಲೇಟಾಯ್ತು, ನಡಿ" ಎನ್ನುತ್ತಿದ್ದೆ. ಗಂಡಸಿಗೆ ಗಾಂಭೀರ್ಯವೇ ಭೂಷಣ ಎಂದು ನಂಬಿದ್ದ ಕಾಲ ಅದು. ಅದನ್ನು ಮಣ್ಣುಪಾಲು ಮಾಡಿದ್ದು ಹನ್ನೆರಡು ಕರುಗಳು.

ತೊಂಬತ್ತರ ದಶಕದ ನಡುವಿನ ಮಾತು. ಅಮೆರಿಕದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಲ್ಯಾಬೊಂದರಲ್ಲಿ ನನಗೆ ಕೆಲಸ; ಮನೆ ಮಾತ್ರ ಅಲ್ಲಿಂದ ನಲವತ್ತು ನಿಮಿಷ ದೂರ, ಹುಲ್ಲುಗಾವಲುಗಳ ನಡುವೆ. ಪಕ್ಕದ ಜಮೀನಿನ ವಾಲ್ಟರ್ ಎಪ್ಪತ್ತು ದಾಟಿದ ರೈತ. ಮಾಂಸದ ತಳಿಯ ಗಂಡುಕರುಗಳನ್ನು ಸಾಕಿ ಮಾರುವುದು ಅವನ ಕಸುಬು. ನಾವೋ, ಮೊಸರಿನ ಡಬ್ಬಿಯಲ್ಲೂ ಪ್ರಾಣಿಮೂಳೆಯ ಜೆಲಟಿನ್ ಇದೆಯೇನೋ ಎಂದು ಕನ್ನಡಕ ಏರಿಸಿ ಓದುವವರು. ಆದರೂ ಹಿಮ ಬಿದ್ದಾಗ ಕೇಳದೆಯೇ ಬಂದು ನಮ್ಮ ಡ್ರೈವ್‌ವೇ ತೆರವು ಮಾಡಿಕೊಡುತ್ತಿದ್ದವನು ಅವನೇ. ಹಾಗಾಗಿ ಅವನ ಸೊಂಟದ ಆಪರೇಷನ್ ಆದಾಗ, "ಆರು ವಾರ ಬೆಳಗ್ಗೆ ಕರುಗಳಿಗೆ ಮೇವು ಹಾಕ್ತೀಯಾ?" ಎಂದು ಕೇಳಿದ್ದಕ್ಕೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಆಗಷ್ಟೇ ತಾಯಿಯಿಂದ ಅಗಲಿಸಿದ ಕರುಗಳು. ತೊಟ್ಟಿಯಲ್ಲಿ ತಿನ್ನುವುದನ್ನು ಕಲಿತು ಮೈತುಂಬಿಕೊಂಡರೆ, ಮುಂದೆ ಬೆಳೆಸುವವರು ಕೊಳ್ಳುತ್ತಾರೆ. "ಹೆಸರಿಡಬೇಡ, ಮುದ್ದು ಮಾಡಬೇಡ" ಎಂದು ವಾಲ್ಟರ್ ಕಟ್ಟಪ್ಪಣೆ ಮಾಡಿದ್ದ. ಅದನ್ನೇ ಮನೆಯಲ್ಲಿ ಜಾರಿಗೆ ತಂದೆ.

"ಬೇಲಿ ಹತ್ರ ಹೋಗ್ಬೇಡ ಕಣೇ, ಆಮೇಲೆ ಬಿಟ್ಟಿರೋಕಾಗಲ್ಲ ಅಂತ ಅಳ್ತೀಯ" ಎಂದೆ.

"ನಂಗ್ಯಾಕ್ರೀ ಕರು ಉಸಾಬರಿ?" ಎಂದು ಶಾಂತಾ ಫೋನಿಗೆ ಎದ್ದುಹೋದಳು.

ಮೊದಲ ದಿನ ಬೆಳಗ್ಗೆ ಮೆಕ್ಕೆಜೋಳದ ನುಚ್ಚು, ಹತ್ತಿಕಾಳಿನ ಹಿಂಡಿ ಬೆರೆಸಿ ತೊಟ್ಟಿಗೆ ಸುರಿದೆ. ಒಂದೂ ಹತ್ತಿರ ಸುಳಿಯಲಿಲ್ಲ. ಹನ್ನೆರಡೂ ಬೇಲಿಗೆ ಮುಖ ಮಾಡಿ ಅಮ್ಮನಿಗಾಗಿ ಅರಚುತ್ತಿದ್ದವು. ಅತ್ತಿತ್ತ ನೋಡಿದೆ, ಯಾರೂ ಇರಲಿಲ್ಲ. "ಬಾರೋ ಬಂಗಾರ" ಎಂದುಬಿಟ್ಟೆ. ಬಿಳಿ ಮುಖದ ಒಂದು ಕರು ಕಿವಿ ನಿಮಿರಿಸಿತು. ಸರಿ, ದಿನವೂ ಹೀಗೆ ಕರೆಯುವುದು ಶುರುವಾಯಿತು. ಎರಡನೆಯ ವಾರಕ್ಕೆ ಬಕೆಟ್ ಬೋರಲು ಹಾಕಿ ಕೂತು, ಆಫೀಸಿನ ರಾಜಕೀಯವನ್ನೆಲ್ಲ ಅವುಗಳ ಮುಂದೆ ಬಿಚ್ಚಿಡುತ್ತಿದ್ದೆ. ನನ್ನ ಬಾಸಿನ ಬಗ್ಗೆ ಅವಕ್ಕೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ವಾರಾಂತ್ಯದಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ನಲ್ಲಿ ಕನ್ನಡದ ಆಂಟಿಯೊಬ್ಬರು, "ದನ ನೋಡ್ಕೋತಿದೀರಂತೆ, ಪುಣ್ಯದ ಕೆಲ್ಸ! ಹಾಲು ಎಷ್ಟು ಕೊಡತ್ತೆ?" ಎಂದಾಗ ಮಾತ್ರ ನಾನು ನಿಜಕ್ಕೂ ಮಿತಭಾಷಿಯಾದೆ.

ಆರು ವಾರ ಮುಗಿಯಿತು. ಕರುಗಳು ಮಿರಿಮಿರಿ ಮಿಂಚುತ್ತ ಟ್ರೇಲರ್ ಹತ್ತಿ ಹೋದವು. ಅವು ಕೊನೆಗೆ ಎಲ್ಲಿ ತಲುಪುತ್ತವೆಂದು ತಿಳಿಯದಷ್ಟು ದಡ್ಡ ನಾನಲ್ಲ. ಆ ದಿನ ಊಟ ಸೇರಲಿಲ್ಲ. ಮೂರನೆಯ ದಿನ ವಾಲ್ಟರ್ ಕೋಲೂರಿಕೊಂಡು ಬಾಗಿಲಿಗೆ ಬಂದ. ಮುಖ ಕಪ್ಪಿಟ್ಟಿತ್ತು. ಕೊಂಡವನ ಬಳಿ ಕರುಗಳು ತೊಟ್ಟಿಯತ್ತ ತಿರುಗಿಯೂ ನೋಡುತ್ತಿಲ್ಲವಂತೆ. "ಕಾಯಿಲೆಯ ಕರು ಮಾರಿದೀಯ ಅಂತಾನೆ. ನಲವತ್ತು ವರ್ಷದಲ್ಲಿ ನನಗೆ ಈ ಮಾತು ಯಾರೂ ಅಂದಿರಲಿಲ್ಲ" ಎಂದ.

ರೋಗ ಏನೆಂದು ನನಗೆ ತಕ್ಷಣ ಹೊಳೆಯಿತು. ಆದರೆ ಹೇಳುವುದು ಹೇಗೆ? "ನಾನೂ ಬರ್ತೀನಿ" ಎಂದಷ್ಟೇ ಹೇಳಿ ಅವನ ಟ್ರಕ್ ಹತ್ತಿದೆ. ಹೊರಗೆ ಹೋಗಲು ಸಿಂಗರಿಸಿಕೊಂಡಿದ್ದ ಶಾಂತಾಳೂ ಹತ್ತಿದಳು.

ಕೊಂಡವನ ಹೊಲದಲ್ಲಿ ಅವನೂ ಸೇರಿ ಮೂವರೂ ನನ್ನನ್ನೇ ನೋಡುತ್ತ ನಿಂತರು. ಕೆಮ್ಮಿ, ಗಂಭೀರವಾಗಿ, "ಕಮ್ ಆನ್, ಬಾಯ್ಸ್" ಎಂದೆ. ಒಂದು ಬಾಲವೂ ಅಲ್ಲಾಡಲಿಲ್ಲ. ವಾಲ್ಟರನ ಬಾಡಿದ ಮುಖ ನೋಡಿದೆ. ಮಾನ ಹೋದರೆ ಹೋಗಲಿ ಎಂದು ಕಣ್ಣು ಮುಚ್ಚಿ, ಗಂಟಲು ತೆರೆದೆ: "ಬಾರೋ ನನ್ನ ಬಂಗಾರ! ಬಾರೋ ನನ್ನ ರಾಜ! ಹೊಟ್ಟೆ ಹಸೀತಾ ಕಂದಾ? ನೀನು ಉಣ್ದೆ ನಂಗೆ ಸೇರಲ್ಲ ಕಣೋ, ಬಾರೋ!"

ಹನ್ನೆರಡೂ ಬಾಲವೆತ್ತಿಕೊಂಡು ನೆಗೆಯುತ್ತ ಬಂದು ತೊಟ್ಟಿಗೆ ಮುಗಿಬಿದ್ದವು. ವಾಲ್ಟರ್ ಕೋಲು ಎಸೆದು ನನ್ನನ್ನು ತಬ್ಬಿಕೊಂಡ. ಕೊಂಡವನು ಹ್ಯಾಟು ತೆಗೆದು ಅವನ ಕ್ಷಮೆ ಕೇಳಿದ. ಆಮೇಲೆ ಟೇಪ್ ರೆಕಾರ್ಡರ್ ತಂದು, ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿ ಕ್ಯಾಸೆಟ್ ಮಾಡಿಕೊಂಡ. ನನಗೂ ಖುಷಿಯಿಂದ ಕಣ್ಣು ತುಂಬಿತ್ತು. ಅಷ್ಟರಲ್ಲಿ ಶಾಂತಾ ಹೋಗಿ ಟ್ರಕ್ ಹತ್ತಿ ಕೂತಿದ್ದಳು.

ಮನೆಗೆ ಬಂದ ಮೇಲೆ ಚಪ್ಪಲಿ ಬಿಡುತ್ತ ಹೇಳಿದಳು: "ಇಪ್ಪತ್ತೆರಡು ವರ್ಷದಿಂದ ಊಟಕ್ಕೆ ಕರೀತಿರೋಳು ನಾನು. ಇನ್ಮೇಲೆ ಭಾನುವಾರದ ಅಡುಗೆ ನಿಮ್ದು, ಕರೆಯೋದೂ ನಿಮ್ದೇ. ಹೇಗೆ ಕರೀಬೇಕು ಅಂತ ಹೇಳ್ಕೊಡೋದು ಬೇಡ ಅಲ್ವಾ?"

ಅಂದಿನಿಂದ ಭಾನುವಾರಗಳಲ್ಲಿ ಸೌಟು ನನ್ನ ಕೈಯಲ್ಲಿದೆ. ಕರುಗಳು ಒಂದೇ ಕೂಗಿಗೆ ಓಡಿಬಂದಿದ್ದವು. ಶಾಂತಾ ಮಾತ್ರ ಸೋಫಾದಿಂದ ಏಳದೆ, "ಕೇಳಿಸ್ಲಿಲ್ಲ ಕಣ್ರೀ, ಇನ್ನೊಂದ್ಸಲ" ಎನ್ನುತ್ತಾಳೆ.