ಡಿಕ್ಕಿಯೊಳಗಿನ ಡಗ್ಗಾ

ಕಾರು ಇರುವುದು ಜನ ಕೂರಲಿಕ್ಕೆ ಎಂದು ನೀವು ತಿಳಿದಿದ್ದರೆ, ನಮ್ಮ ಸೋದರಮಾವನನ್ನು ನೀವು ನೋಡಿಲ್ಲ ಎಂದೇ ಅರ್ಥ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ವಾಡಿ ಸ್ಟೇಷನ್ನಿನ ಹೊರಗೆ ಅವನದೊಂದು ಹಳೆಯ ಅಂಬಾಸಿಡರ್ ಬಾಡಿಗೆಗೆ ನಿಲ್ಲುತ್ತಿತ್ತು. ಬೇರೆಯವರ ಡಿಕ್ಕಿಯಲ್ಲಿ ಗಿರಾಕಿಗಳ ಪೆಟ್ಟಿಗೆ ಇರುತ್ತಿತ್ತು. ಇವನ ಡಿಕ್ಕಿಯಲ್ಲಿ ಇವನದೇ ಪೆಟ್ಟಿಗೆ: ಪ್ಲೈವುಡ್ಡಿನದು, ಅದರಲ್ಲಿ ಊಟದ ತಾಟಿನಷ್ಟು ಅಗಲದ ಒಂದು ವೂಫರ್, ಅಂದರೆ ತಗ್ಗು ದನಿಗೆಂದೇ ಇರುವ ಸ್ಪೀಕರು, ಪಕ್ಕದಲ್ಲೊಂದು ಆಂಪ್ಲಿಫೈಯರ್. ಗಿರಾಕಿಗಳು ಗಂಟುಮೂಟೆ ತೊಡೆಯ ಮೇಲಿಟ್ಟುಕೊಂಡು ಸೇಡಂವರೆಗೆ ಹೋಗಬೇಕು. ಗೊಣಗಿದವರಿಗೆ, ಸಾಮಾನಿಗೆ ಬಾಡಿಗೆ ಹಿಡಿಯುವುದಿಲ್ಲ, ಸುಮ್ಮನೆ ಕೂರಿ ಎನ್ನುತ್ತಿದ್ದ.

ಇದೆಲ್ಲ ಶೋಕಿ ಅಂದುಕೊಳ್ಳಬೇಡಿ. ಎಲ್ಲವೂ ಒಂದು ಕ್ಯಾಸೆಟ್ಟಿಗಾಗಿ. ನಮ್ಮ ಅತ್ತೆಯ, ಅಂದರೆ ಅವನ ಹೆಂಡತಿಯ, ತವರು ದಂಡೋತಿ. ಅವಳ ಅಪ್ಪ ಅಲ್ಲಿನ ಭಜನೆ ಮೇಳದಲ್ಲಿ ತಬಲಾ ಬಾರಿಸುತ್ತಿದ್ದರು. ಅವರು ತೀರಿಕೊಳ್ಳುವ ಮೊದಲು ಯಾರೋ ನೆಂಟರು ಒಂದು ಭಜನೆಯನ್ನು ಟೇಪು ಮಾಡಿದ್ದರು. ಅತ್ತೆಗೆ ಅಪ್ಪ ಎಂದರೆ ಅವರ ಎಡಗೈ, ಆ ಕೈ ಬಾರಿಸುವ ಡಗ್ಗಾದ ತುಂಬು ದನಿ. ಮನೆಯ ಸಣ್ಣ ಟೇಪ್ ರಿಕಾರ್ಡರಿನಲ್ಲಿ ತಾಳ ಕೇಳಿಸುತ್ತಿತ್ತು, ಹಾರ್ಮೋನಿಯಂ ಕೇಳಿಸುತ್ತಿತ್ತು, ನಡುವೆ ಯಾರೋ ಕೆಮ್ಮಿದ್ದೂ ಕೇಳಿಸುತ್ತಿತ್ತು. ಡಗ್ಗಾ ಮಾತ್ರ ಇಲ್ಲ. ಅತ್ತೆ ಒಂದು ಸಲ ಕೇಳಿ ಎದ್ದು ಒಳಗೆ ಹೋದಳು. ಅವಳಿಗೆ ಅಪ್ಪನ ಕೈ ಕೇಳಿಸಿಯೇ ತೀರುತ್ತೇನೆಂದು ಮಾವ ಹಟ ಹಿಡಿದ.

ಹಟ ಅಂದರೆ ಎಂಥದು! ಶಹಾಬಾದಿನ ರೇಡಿಯೋ ರಿಪೇರಿಯವನು ಎಲ್ಲ ಜೋಡಿಸಿ ಕೊಟ್ಟು, ಆಂಪ್ಲಿಫೈಯರಿನ ಈ ಗೇನ್ ಗುಂಡಿಯನ್ನು ಅರ್ಧಕ್ಕಿಂತ ಹೆಚ್ಚು ತಿರುವಬೇಡಿ, ದನಿ ಒಡೆಯುತ್ತದೆ ಎಂದಿದ್ದ. ಮಾವ ಕೇಳುವ ಆಸಾಮಿಯೇ?

"ಪೂರಾ ರೊಕ್ಕ ಕೊಟ್ಟು ತಂದೀನಿ, ಅರ್ಧಾ ಯಾಕ ತಿರುವ್ಲಿ?"

ಪೂರಾ ತಿರುವಿದ. ಡಿಕ್ಕಿಯಲ್ಲಿ ಬೀಸುಕಲ್ಲು ತಿರುಗಿದ ಹಾಗಾಯಿತು. ನಂಬರ್ ಪ್ಲೇಟು ಗಡಗಡ ಎಂದಿತು. ಅದನ್ನು ಬಿಗಿ ಮಾಡಿದರೆ ಡಿಕ್ಕಿಯ ಬಾಗಿಲು ಶುರುಮಾಡಿತು. ಬಾಗಿಲಿಗೆ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದರೆ ಪೆಟ್ಟಿಗೆಯೇ ಕುಣಿಯಿತು. ಭಂಕೂರದಿಂದ ನೆಲಕ್ಕೆ ಹಾಸುವ ಎರಡು ಫರಸಿಕಲ್ಲು ತಂದು ಪೆಟ್ಟಿಗೆಯ ಮೇಲೆ ಹೇರಿದ. ಕಲ್ಲಿನ ಭಾರಕ್ಕೆ ಕಾರಿನ ಮೂತಿ ಮೇಲೆದ್ದು, ಹೆಡ್‌ಲೈಟು ರಸ್ತೆ ಬಿಟ್ಟು ಬೇವಿನ ಮರದ ತುದಿಗೆ ಬೆಳಕು ಬಿಡತೊಡಗಿತು!

ಇಷ್ಟಾದ ಮೇಲೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕ್ಯಾಸೆಟ್ ಹಚ್ಚಿದ. ಅವಳು ತುಸು ಹೊತ್ತು ಕೇಳಿ ಕೆಳಗಿಳಿದಳು.

"ಇದು ನಮ್ಮಪ್ಪನ ಕೈ ಅಲ್ರಿ. ಯಾರೋ ಖಾಲಿ ಕೊಡ ಬಡೀಲಿಕತ್ತಾರ."

ಇನ್ನು ಈ ಕಾರಿನಲ್ಲಿ ಕಾಲಿಡುವುದಿಲ್ಲ ಎಂದಳು, ಇಡಲೂ ಇಲ್ಲ. ಚಿಮ್ಮನಚೋಡದ ಮದುವೆಗೆ ಬಸ್ಸಿನಲ್ಲಿ ಹೋದಳು. ಮಾವ ಖಾಲಿ ಕಾರು ತೆಗೆದುಕೊಂಡು ಆ ಬಸ್ಸಿನ ಧೂಳು ಕುಡಿಯುತ್ತ ಹಿಂದೆಯೇ ಹೋದ. ಬೀಗರು ಕೇಳಿದ್ದಕ್ಕೆ, ಕಾರಿನಲ್ಲಿ ಜಾಗ ಇರಲಿಲ್ಲ ಎಂದುಬಿಟ್ಟ.

ಅಲ್ಲಿಂದ ಬಂದವನು ಬೇರೆ ದಾರಿ ಹಿಡಿದ. ವೂಫರನ್ನು ಮೇಲ್ಮುಖ ಮಾಡಿ ಅದರ ಮೇಲೆ ಒಂದು ಹಿಡಿ ಜೋಳ ಹಾಕುವುದು, ಕ್ಯಾಸೆಟ್ ಹಚ್ಚುವುದು, ಕಾಳು ಎಗರಿ ಹೊರಗೆ ಬಿದ್ದರೆ ಗುಂಡಿ ಇಳಿಸುವುದು. ಇದು ಯಾವ ಶಾಸ್ತ್ರ ಎಂದು ನಾನು ಕೇಳಿದರೆ, ಜೋಳಕ್ಕೆ ತಿಳಿಯುವಷ್ಟು ನಿನಗೆ ತಿಳಿಯುವುದಿಲ್ಲ ಎಂದ. ಗುಬ್ಬಿಗಳಿಗಂತೂ ಹಬ್ಬ. ಇಳಿದು ಇಳಿದು ಗುಂಡಿ ನಿಂತದ್ದು ಎಲ್ಲಿ ಗೊತ್ತೇ? ಅರ್ಧಕ್ಕೆ! ರಿಪೇರಿಯವನಿಗೆ ಹೇಳಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡ.

ದನಿ ಒಡೆಯುವುದು ನಿಂತಿತು. ಆದರೆ ಪೆಟ್ಟಿಗೆ ಟೊಳ್ಳಲ್ಲವೇ, ಡಗ್ಗಾ ಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತಿತ್ತು. ಮಾವ ನಾಲ್ಕು ದಿನ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತ. ಅದೇ ಹೊತ್ತಿಗೆ ಅತ್ತೆಯ ಟ್ರಂಕಿನಿಂದ ಕೌದಿ ಮಾಯವಾಯಿತು. ಅವಳ ಅವ್ವ ಹಳೆಯ ಸೀರೆ, ಧೋತರ ಸೇರಿಸಿ ಕೈಯಾರೆ ಹೊಲಿದು ಕೊಟ್ಟ ಕೌದಿ. ಚಳಿಗಾಲ ಬೇರೆ. ಅತ್ತೆ ಮನೆಯೆಲ್ಲ ಜಾಲಾಡಿ, ಕೊನೆಗೆ ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೊರಟಾಗ ಮಾವ ಬಾಯಿ ಬಿಟ್ಟ. ಕೌದಿ ಪೆಟ್ಟಿಗೆಯೊಳಗಿತ್ತು. ಗುಂಯ್ ಎನ್ನುವುದನ್ನು ಅದು ನುಂಗುತ್ತದಂತೆ.

ಅತ್ತೆ ಸೀದಾ ಕಾರಿನ ಹತ್ತಿರ ಬಂದು, ಮೊದಲು ಕೌದಿ ತೆಗೆಯಿರಿ ಎಂದಳು. ಮಾವನ ಮುಖ ಸಣ್ಣದಾಗಿತ್ತು.

"ತೆಗೀತೀನಿ. ಅದಕ್ಕಿಂತ ಮೊದ್ಲ ಒಂದ್ ಪದ ಕೇಳು. ನಿಮ್ಮಪ್ಪ ಅಲ್ಲಂದ್ರ ಈ ಪೆಟ್ಟಿಗಿನೂ ಕಿತ್ತಿ ಒಗೀತೀನಿ, ಮತ್ತ ಇದರ ಸುದ್ದಿ ತೆಗಿಯಂಗಿಲ್ಲ."

ಅತ್ತೆ ಒಂದು ಕಾಲು ಹೊರಗಿಟ್ಟುಕೊಂಡೇ ಸೀಟಿನ ಅಂಚಿಗೆ ಕೂತಳು. ಭಜನೆ ಶುರುವಾಯಿತು. ತಾಳದ ಕೆಳಗೆ, ಹಾಡುವವರ ಕೆಳಗೆ, ಡಗ್ಗಾ ಬಂತು. ಜೋರಾಗಿ ಅಲ್ಲ, ಮೆಲ್ಲಗೆ, ಒಂದೊಂದು ಪೆಟ್ಟೂ ಬೇರೆ ಬೇರೆ. ಎರಡನೆಯ ನುಡಿ ಮುಗಿಯುವಲ್ಲಿ ಅತ್ತೆಯ ಅಪ್ಪ ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಎಳೆದರು, ದನಿ ಬಾಗಿ ಏರಿತು. ನಾನು ಅತ್ತೆಯನ್ನೇ ನೋಡುತ್ತಿದ್ದೆ. ಅವಳ ಎಡ ಅಂಗೈ ಮೊಣಕಾಲಿನ ಮೇಲೆ ಅದೇ ಹೊತ್ತಿಗೆ ಹಾಗೇ ಸರಿಯಿತು. ಹೊರಗಿದ್ದ ಕಾಲನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಳು.

ಮಾವ ಖುಷಿ ತಡೆಯಲಾರದೆ ವಾಲ್ಯೂಮ್ ಏರಿಸಲು ಕೈ ಚಾಚಿದ. ಅತ್ತೆ ಬೇಡ ಎಂದು ಕೈ ಮಾಡಿದಳು. ಪದ ಮುಗಿಯಿತು. ಅವಳ ಕೆನ್ನೆ ಒದ್ದೆಯಾಗಿತ್ತು. ಮಾವ ಮಾತಿಗೆ ತಪ್ಪದೆ ಸ್ಕ್ರೂಡ್ರೈವರ್ ಹಿಡಿದು, ಕೌದಿ ತೆಗೆಯಲು ಡಿಕ್ಕಿಯ ಕಡೆ ಹೊರಟ.

"ಇರ್ಲಿ ಬಿಡ್ರಿ," ಎಂದಳು ಅತ್ತೆ ಒಳಗಿನಿಂದಲೇ. "ಅಪ್ಪಗ ಥಂಡಿ ಆದೀತು."